ಏಳನೇ ನಂಬರಿನ ವಂಶ

ಮದ್ದೂರು
6 ಜುಲೈ 2025

ಅಪ್ಪ,

ನಾನು ಫೋನು ಮಾಡಿದರೆ ನೀವು ಕಟ್ ಮಾಡುತ್ತೀರಿ. ಯತೀಶನಿಗೆ ಮಾಡಿದರೆ ‘ಅಪ್ಪ ಎಮ್ಮೆ ಕಟ್ಟಾಕೆ ಓಗವ್ರೆ ಕಣಕ್ಕ’ ಎನ್ನುತ್ತಾನೆ. ಇರುವುದು ಒಂದೇ ಎಮ್ಮೆ, ಅದನ್ನು ದಿನಕ್ಕೆ ಎಷ್ಟು ಸಲ ಕಟ್ಟುತ್ತೀರೋ ಗೊತ್ತಿಲ್ಲ. ಅದಕ್ಕೇ ಅಂಚೆಯಲ್ಲಿ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು ಬಂದ ಲಕೋಟೆಯನ್ನು ಒಡೆಯದೆ ಇಡಲಾರಿರಿ ಎಂಬ ಧೈರ್ಯ ನನ್ನದು.

ಜೊತೆಗಿರುವ ಹಾಳೆಯಲ್ಲಿ ಹದಿನಾರು ಚಿತ್ರಗಳಿವೆ. ಇವನ್ನು ನಾನು ಬರೆದಿಲ್ಲ, ಕಂಪ್ಯೂಟರ್ ಬರೆದಿದೆ. ನಮ್ಮ ಶಾಲೆಯ ಕಂಪ್ಯೂಟರ್ ಟೀಚರ್ ಶಬ್ರೀನ್ ಬೇಸಿಗೆ ರಜೆಯಲ್ಲಿ ಒಂದು ಪ್ರೋಗ್ರಾಂ ಮಾಡಿದಳು. ಅದು ಮೊದಲು ಮನಸ್ಸಿಗೆ ಬಂದಂತೆ ಹದಿನಾರು ಚಿತ್ರ ಗೀಚುತ್ತದೆ. ನಾವು ಇಷ್ಟವಾದವಕ್ಕೆ ಟಿಕ್ ಹಾಕಬೇಕು. ಟಿಕ್ ಹಾಕಿದವನ್ನು ಬೆರೆಸಿ ಮತ್ತೆ ಹದಿನಾರು ಮಾಡುತ್ತದೆ. ಹೀಗೇ ಸುತ್ತಿನ ಮೇಲೆ ಸುತ್ತು. ಯಾರು ಆರಿಸುತ್ತಾರೋ ಅವರ ದಾರಿಗೆ ಚಿತ್ರಗಳು ಹೋಗುತ್ತವೆ.

ಡ್ರಾಯಿಂಗ್ ಟೀಚರ್ ಆದ ನಾನು ಆರಿಸಿದರೆ ಹತ್ತನೇ ಸುತ್ತಿಗೆ ಎಲ್ಲವೂ ಮದುವೆ ಕಾಗದದ ಹಾಗೆ ಆಗುತ್ತವೆ. ಬಂಗಾರದ ಬಣ್ಣ, ಎರಡೂ ಕಡೆ ಸಮ, ನಡುವೆ ಒಂದು ಹೂವು. ನಾಲ್ಕು ಸಲ ಹೊಸದಾಗಿ ಶುರುಮಾಡಿದೆ, ನಾಲ್ಕು ಸಲವೂ ಮದುವೆ ಕಾಗದವೇ. ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಶಿಕ್ಷಕರ ಕಲಾ ಪ್ರದರ್ಶನವಿದೆ. ಅದಕ್ಕೆ ಒಂದು ಚಿತ್ರ ಕಳಿಸಬೇಕು. ನನ್ನ ಕಣ್ಣು ಸಾಲದು, ಬೇರೆ ಕಣ್ಣು ಬೇಕು.

ಎರಡು ವರ್ಷದ ಹಿಂದೆ ನೀವು ಹರ್ನಿಯಾ ಆಪರೇಷನ್ನಿಗೆ ಆಸ್ಪತ್ರೆ ಸೇರಿದಾಗ ರಜೆ ಹಾಕಿ ಬಂದು ಕುರಿಮಂದೆ ನೋಡಿಕೊಂಡವಳು ನಾನು. ಮಳವಳ್ಳಿಯ ಕುರಿ ವ್ಯಾಪಾರಿ ಗಫಾರ್ ಸಾಹೇಬರು ಬಂದು ಮುದಿ ತಗರನ್ನು ಕೇಳಿದರು. ಅದರ ಬೆನ್ನಿನ ಉಣ್ಣೆ ಉದುರಿತ್ತು, ಹಲ್ಲು ಸವೆದಿತ್ತು. ಪಕ್ಕದಲ್ಲೇ ಎತ್ತರದ, ಬೆಳ್ಳಗಿನ ಪ್ರಾಯದ ತಗರು ನಿಂತಿತ್ತು. ತಳಿಗೆ ಇದು ಇರಲಿ ಎಂದು ಮುದಿಯದನ್ನು ಕೊಟ್ಟೆ. ಅದು ಬಹುಮಾನ ಗೆದ್ದ ಬಂಡೂರು ತಳಿಯ ತಗರು ಎಂದು ಗೊತ್ತಿತ್ತು, ಆದರೆ ಅದರ ಕಾಲ ಮುಗಿಯಿತು ಅಂದುಕೊಂಡೆ.

ನೀವು ಬಂದವರು ಹಾಲಿನ ಡೈರಿ ಮುಂದೆ, ಊರವರೆಲ್ಲ ಕ್ಯಾನು ಹಿಡಿದು ನಿಂತಿದ್ದಾಗ, ‘ಇವ್ಳು ಅಂದ ನೋಡ್ತಳೆ, ತಳಿ ನೋಡಾಕ್ ಬರಕಿಲ್ಲ. ನನ್ ಮಂದೆ ತೆಗುದ್ಬುಟ್ಲು. ಆ ತಗರು ವಾಪಸ್ ಬರೋಗಂಟ ನಮ್ಮಟ್ಟಿ ಒಸ್ಲು ತುಳೀಬಾರ್ದು’ ಎಂದಿರಿ. ತಗರು ವಾಪಸ್ ಬರುವುದಿಲ್ಲ. ನನಗೆ ಮನೆಗೆ ಬರಬೇಕು ಅಪ್ಪ. ಅವ್ವನ ತಿಥಿಗೆ ಎರಡು ವರ್ಷದಿಂದ ನಾನಿಲ್ಲ.

ನನ್ನ ಕಣ್ಣು ಸರಿಯಿಲ್ಲ ಎಂದಿರಿ. ಹಾಗಾದರೆ ನಿಮ್ಮ ಕಣ್ಣಿನಿಂದ ಆರಿಸಿ ಕೊಡಿ. ಹಾಳೆಯ ಮೇಲೆ ಗುರುತು ಹಾಕಿ ವಾಪಸ್ ಕಳಿಸಿ. ವಿಳಾಸ ಬರೆದ ಲಕೋಟೆ ಒಳಗೇ ಇದೆ.

ರೂಪ


ಪೂರಿಗಾಲಿ
19 ಜುಲೈ 2025

ಮೂರು, ಏಳು. ಉಳಿದವು ಬೇಡ.

ಕೆ. ಹೊನ್ನಯ್ಯ


ಮದ್ದೂರು
24 ಜುಲೈ 2025

ಅಪ್ಪ,

ನಾಲ್ಕು ಪದ ಬರೆದಿದ್ದೀರಿ. ಎರಡು ವರ್ಷದಲ್ಲಿ ನೀವು ನನಗೆ ಹೇಳಿದ ಅತಿ ಉದ್ದದ ಮಾತು ಇದು. ನಿಮ್ಮ ಅಳಿಯನಿಗೂ ತೋರಿಸಿದೆ.

ಮೂರು ಮತ್ತು ಏಳರಿಂದ ಹುಟ್ಟಿದ ಹದಿನಾರು ಈ ಹಾಳೆಯಲ್ಲಿವೆ. ಹೇಗೆ ಹುಟ್ಟುತ್ತವೆ ಎಂದು ಹೇಳುತ್ತೇನೆ. ಪ್ರತಿ ಚಿತ್ರದ ಹಿಂದೆಯೂ ನಲವತ್ತು ಸಂಖ್ಯೆಗಳ ಒಂದು ಸಾಲು ಇರುತ್ತದೆ. ಗೆರೆ ಎಲ್ಲಿ ಬಾಗಬೇಕು, ಎಷ್ಟು ದಪ್ಪ ಇರಬೇಕು, ಯಾವ ಬಣ್ಣ ಎಲ್ಲಿ ತೆಳುವಾಗಬೇಕು, ಎಲ್ಲವೂ ಆ ಸಂಖ್ಯೆಗಳಲ್ಲೇ ಇದೆ. ಆದರೆ ಸಂಖ್ಯೆ ನೋಡಿ ಚಿತ್ರ ಹೇಗಿರುತ್ತದೆ ಎಂದು ಹೇಳಲು ಶಬ್ರೀನಿಗೂ ಆಗುವುದಿಲ್ಲ. ನೀವು ಆರಿಸಿದ ಎರಡರಲ್ಲಿ ಒಂದರಿಂದ ಕೆಲವು ಸಂಖ್ಯೆ, ಇನ್ನೊಂದರಿಂದ ಕೆಲವು ಸಂಖ್ಯೆ ತೆಗೆದುಕೊಂಡು ಹೊಸ ಸಾಲು ಮಾಡುತ್ತದೆ. ಅದರಲ್ಲಿ ಒಂದೆರಡನ್ನು ತಾನಾಗಿಯೇ ಅಲ್ಲಿ ಇಲ್ಲಿ ಬದಲಾಯಿಸುತ್ತದೆ. ಆ ಬದಲಾವಣೆ ಬಹಳ ಸಲ ಕೆಟ್ಟದಾಗುತ್ತದೆ, ಎಲ್ಲೋ ಒಮ್ಮೆ ಯಾರೂ ಯೋಚಿಸದ್ದು ಬರುತ್ತದೆ.

ಈಗ ಎಲ್ಲರೂ ಫೋನಿನಲ್ಲಿ ‘ಹುಲಿ ಮೇಲೆ ಕೂತ ಗಣೇಶ’ ಎಂದು ಕೇಳಿ ಚಿತ್ರ ತರಿಸಿಕೊಳ್ಳುತ್ತಾರಲ್ಲ, ಇದು ಅದಲ್ಲ. ಇದಕ್ಕೆ ಏನು ಬೇಕೆಂದು ಹೇಳಲು ಬರುವುದಿಲ್ಲ. ಬಂದದ್ದರಲ್ಲಿ ಬೇಕು ಬೇಡ ಎನ್ನಬಹುದು, ಅಷ್ಟೇ.

ನಾನಾಗಿದ್ದರೆ ಮೂರನ್ನು ಮೊದಲೇ ಹರಿದು ಹಾಕುತ್ತಿದ್ದೆ. ಅಷ್ಟು ಕುರೂಪಿ. ಯಾಕೆ ಆರಿಸಿದಿರಿ?

ರೂಪ


ಪೂರಿಗಾಲಿ
10 ಆಗಸ್ಟ್ 2025

ರೂಪಳಿಗೆ,

ಪ್ರಶ್ನೆ ಕೇಳಿದ್ದೀಯೆ. ಉತ್ತರ ಕೊಡದಿದ್ದರೆ ಇನ್ನೂ ಒಂದೂವರೆ ಪುಟ ಬರೆಯುತ್ತೀಯೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ.

ನಲವತ್ತು ಸಂಖ್ಯೆಯ ಪುರಾಣವನ್ನು ಯತೀಶನ ಕೈಲಿ ಎರಡು ಸಲ ಓದಿಸಿದೆ. ಇಷ್ಟೆಲ್ಲ ಬೇಕಿರಲಿಲ್ಲ. ತಗರು ಇದು, ಕುರಿ ಇದು, ಮರಿ ಹದಿನಾರು ಎಂದಿದ್ದರೆ ಮುಗಿಯುತ್ತಿತ್ತು. ಮರಿಗಳಲ್ಲಿ ಒಂದೆರಡು ಅಪ್ಪನನ್ನೂ ಹೋಲದೆ ಅಮ್ಮನನ್ನೂ ಹೋಲದೆ ಇರುವುದು ಕಂಪ್ಯೂಟರಿನವರು ಕಂಡುಹಿಡಿದದ್ದೇನಲ್ಲ, ನಮ್ಮ ದೊಡ್ಡಿಯಲ್ಲಿ ವರ್ಷಕ್ಕೆ ಎರಡು ಹುಟ್ಟುತ್ತವೆ.

ಕುರಿ ಆರಿಸುವಾಗ ನಾನು ಮುಖ ನೋಡುವುದಿಲ್ಲ. ಮುಖ ನೋಡಿದವನು ಮೋಸ ಹೋಗುತ್ತಾನೆ. ಹಿಂದೆ ಹೋಗಿ ನಿಂತು ಕಾಲಿನ ಅಂತರ ನೋಡುತ್ತೇನೆ. ಬೆನ್ನು ಅಗಲ ಇದೆಯೇ, ಹೊಟ್ಟೆ ನೆಲಕ್ಕೆ ಹತ್ತಿರ ಇದೆಯೇ ಎಂದು ನೋಡುತ್ತೇನೆ. ಬಂಡೂರು ಕುರಿ ಗಿಡ್ಡ ಇರಬೇಕು, ಭಾರ ಕೆಳಗೆ ಇರಬೇಕು. ಹಾಳೆಗೆ ಹಿಂದು ಮುಂದು ಇಲ್ಲವಲ್ಲ, ಅದಕ್ಕೆ ತಲೆಕೆಳಗು ಮಾಡಿ ನೋಡಿದೆ. ನಿನ್ನ ಹದಿನಾರರಲ್ಲಿ ಹದಿನಾಲ್ಕು ಬಿದ್ದುಹೋದವು. ಹೇಗೆ ಹಿಡಿದರೂ ನಿಂತದ್ದು ಮೂರು ಮತ್ತು ಏಳು. ಮೂರು ಕುರೂಪಿ ಎಂದೆ ನೀನು. ಕುರೂಪ ಮರಿಗೆ ಬರದಂತೆ ಮಾಡಬಹುದು, ನಿಲ್ಲಲಾರದ ಕಾಲನ್ನು ಏನೂ ಮಾಡಲಾಗುವುದಿಲ್ಲ.

ಈ ಹಾಳೆಯಲ್ಲಿ ಎರಡು, ಏಳು, ಹನ್ನೊಂದು. ಏಳನೆಯದು ಬಹಳ ಚೆನ್ನಾಗಿ ಬಂದಿದೆ. ಅದನ್ನು ಕದಲಿಸಬೇಡ. ಮುಂದಿನ ಎಲ್ಲ ಹಾಳೆಯಲ್ಲೂ ಅದು ಅದೇ ಜಾಗದಲ್ಲಿ ಹಾಗೇ ಇರಲಿ, ಪ್ರತಿ ಸುತ್ತಿಗೂ ಅದನ್ನೇ ತಗರು ಮಾಡು.

ನಮ್ಮ ಮಂದೆಯ ವಿಷಯ ಇದರಲ್ಲಿ ತರಬೇಡ. ಅದು ಬೇರೆ, ಇದು ಬೇರೆ.

ಹೊನ್ನಯ್ಯ


ಮದ್ದೂರು
2 ಸೆಪ್ಟೆಂಬರ್ 2025

ಅಪ್ಪ,

ಐದನೇ ಹಾಳೆ ಇದು. ಒಂದೊಂದು ಸುತ್ತಿಗೆ ಹತ್ತು ದಿನ ಹಿಡಿಯುತ್ತಿದೆ. ಶಬ್ರೀನ್ ನಗುತ್ತಾಳೆ. ‘ಮೇಡಂ, ಕಂಪ್ಯೂಟರ್ ಒಂದು ಸೆಕೆಂಡಲ್ಲಿ ಮಾಡೋದನ್ನ ನೀವು ಪೋಸ್ಟ್‌ಮ್ಯಾನ್ ಕೈಲಿ ಮಾಡಿಸ್ತಿದ್ದೀರ’ ಎನ್ನುತ್ತಾಳೆ. ನನಗೇನೂ ಅವಸರವಿಲ್ಲ. ಹಾಳೆ ಬರುತ್ತದೆ ಎಂದು ಗೊತ್ತಿರುವ ದಿನ ಗೇಟಿನ ಹತ್ತಿರವೇ ಓಡಾಡಿಕೊಂಡಿರುತ್ತೇನೆ.

ನಿಮ್ಮ ಏಳನ್ನು ಸ್ಟಾಫ್ ರೂಮಿನಲ್ಲಿ ತೋರಿಸಿದೆ. ಗಣಿತದವರು ಬದನೆಕಾಯಿ ಎಂದರು. ಪಿ.ಟಿ. ಮೇಷ್ಟ್ರು ಎಕ್ಸ್‌ರೇ ಎಂದರು. ಆದರೆ ಇಬ್ಬರೂ ಅದನ್ನು ಕೈಯಿಂದ ಬಿಡಲಿಲ್ಲ, ಬೆಲ್ ಹೊಡೆದ ಮೇಲೂ ನೋಡುತ್ತಿದ್ದರು. ಕಪ್ಪು ಹಸಿರು ಕೆಳಗೆ ಕೂತಿದೆ, ಅದರೊಳಗಿಂದ ಒಂದು ಕೆಂಪು ಗೆರೆ ದಪ್ಪಗೆ ಹೊರಟು ಮೇಲೆ ಹೋಗುತ್ತಾ ಸಣ್ಣಗಾಗಿ, ಇನ್ನೇನು ಮುಗಿಯಿತು ಎನ್ನುವಲ್ಲಿ ಬಲಕ್ಕೆ ತಿರುಗುತ್ತದೆ. ಹನ್ನೆರಡು ವರ್ಷದಿಂದ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದೇನೆ, ಆ ತಿರುವು ನನ್ನ ಕೈಯಿಂದ ಬರುತ್ತಿರಲಿಲ್ಲ.

ಮಂದೆಯ ವಿಷಯ ತರಬೇಡ ಎಂದಿದ್ದೀರಿ, ತರುವುದಿಲ್ಲ. ಯತೀಶ ಹೇಗಿದ್ದಾನೆ? ನಿಮ್ಮ ಆಪರೇಷನ್ ಆದ ಜಾಗ ಚಳಿಗೆ ನೋಯುತ್ತದೆಯೇ?

ರೂಪ


ಪೂರಿಗಾಲಿ
14 ಸೆಪ್ಟೆಂಬರ್ 2025

ರೂಪಳಿಗೆ,

ಯತೀಶ ಗಟ್ಟಿಯಾಗಿದ್ದಾನೆ. ನನಗೆ ನೋವಿಲ್ಲ, ಭಾರ ಎತ್ತಿದರೆ ಮಾತ್ರ ಸ್ವಲ್ಪ ಹಿಡಿಯುತ್ತದೆ.

ಬದನೆಕಾಯಿ ಎಂದವರಿಗೆ ಕಣ್ಣಿನ ಡಾಕ್ಟರನ್ನು ತೋರಿಸು. ಏಳನೇ ನಂಬರನ್ನು ಕತ್ತರಿಸಿ ಗೋಡೆಯ ಮೇಲೆ ಕ್ಯಾಲೆಂಡರ್ ಪಕ್ಕ ಅಂಟಿಸಿದ್ದೇನೆ. ಬಂದವರೆಲ್ಲ ಕೇಳುತ್ತಾರೆ. ಮೊನ್ನೆ ಡೈರಿ ಕಾರ್ಯದರ್ಶಿ ಪುಟ್ಟರಾಜು ಬಂದು ‘ಇದೇನ್ ಒನ್ನಯ್ಯಣ್ಣ, ಯಾವ್ ದೇವ್ರು?’ ಎಂದ. ದೇವರಲ್ಲ, ನಾನು ತಳಿ ಕಟ್ಟಿದ್ದು ಎಂದೆ. ತಲೆ ಕೆರೆದುಕೊಂಡು ಕಾಫಿ ಕುಡಿದು ಹೋದ. ಯಾರು ಕಳಿಸಿದ್ದು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆರನೇ ಹಾಳೆಯಲ್ಲಿ ಮರಿಗಳೆಲ್ಲ ತಗರನ್ನೇ ಹೋಲುತ್ತಿವೆ. ಒಳ್ಳೆಯದೇ. ಒಂದು, ಏಳು, ಎಂಟು, ಹದಿನೈದು ಗುರುತು ಹಾಕಿದ್ದೇನೆ. ಯಾವುದಕ್ಕೆ ಹಾಕಿದರೂ ಒಂದೇ ಅನ್ನಿಸಿತು. ತಳಿ ಗಟ್ಟಿಯಾಗಿ ನಿಂತಿತು ಎಂದರೆ ಹೀಗೇ.

ನಿನಗೆ ಇದರಿಂದ ಕೆಲಸಕ್ಕೆ ತೊಂದರೆಯಾಗದಿದ್ದರೆ ಹಾಳೆಯನ್ನು ಇನ್ನು ಸ್ವಲ್ಪ ಬೇಗ ಕಳಿಸು. ಹತ್ತು ದಿನ ಸುಮ್ಮನೆ ಕೂರುವುದು ಆಗುತ್ತಿಲ್ಲ.

ಹೊನ್ನಯ್ಯ


ಮದ್ದೂರು
28 ಸೆಪ್ಟೆಂಬರ್ 2025

ಅಪ್ಪ,

ದಸರಾ ರಜೆ. ನಮ್ಮ ಬೀದಿಯಲ್ಲಿ ಊರಿಗೆ ಹೋಗುವವರೆಲ್ಲ ಹೋದರು. ನಾನು ಕಂಪ್ಯೂಟರ್ ಮುಂದೆ ಇದ್ದೇನೆ.

ಎಂಟನೇ ಹಾಳೆ ಇದರ ಜೊತೆಗಿದೆ. ದೂರ ಇಟ್ಟು ನೋಡಿ. ಹದಿನಾರೂ ಒಂದೇ ಚಿತ್ರ. ಎರಡು ಸುತ್ತಿನಿಂದ ಹೊಸದು ಏನೂ ಬಂದಿಲ್ಲ, ಬಂದರೆ ಹದಗೆಟ್ಟು ಬರುತ್ತಿದೆ. ಕೆಂಪು ಗೆರೆಯ ಆ ತಿರುವು ಮೊಂಡಾಗಿದೆ. ಹದಿಮೂರನೆಯದರಲ್ಲಂತೂ ಗೆರೆಯೇ ಇಲ್ಲ, ಬರೀ ಕಪ್ಪು. ನಿನ್ನೆ ಶಬ್ರೀನ್ ಮನೆಗೆ ಬಂದಿದ್ದಳು. ಎಲ್ಲ ಹಾಳೆ ಹರಡಿಕೊಂಡು ನೋಡಿ, ‘ಇದೇನು ಮೇಡಂ, ಎಲ್ಲದಕ್ಕೂ ಒಂದೇ ಅಪ್ಪ?’ ಎಂದಳು. ಹೌದು ಎಂದೆ. ಅವಳು ಹೇಳಿದ್ದು ಇಷ್ಟು: ಒಂದನ್ನೇ ಹಿಡಿದುಕೊಂಡು ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ಮತ್ತೆ ಅದನ್ನೇ ಬೆರೆಸುತ್ತಾ ಹೋದರೆ ನಲವತ್ತು ಸಂಖ್ಯೆಯೂ ಎಲ್ಲದರಲ್ಲಿ ಒಂದೇ ಆಗುತ್ತದೆ. ಆಮೇಲೆ ಆರಿಸಲು ಏನೂ ಉಳಿಯುವುದಿಲ್ಲ. ಪ್ರೋಗ್ರಾಂ ಸತ್ತ ಹಾಗೆ.

ಒಂದೇ ದಾರಿ ಇದೆಯಂತೆ. ಏಳನ್ನು ತೆಗೆದುಹಾಕಿ, ಸಂಬಂಧವೇ ಇಲ್ಲದ ನಾಲ್ಕೈದು ಹೊಸ ಚಿತ್ರ ಸೇರಿಸಬೇಕು. ಅದು ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು. ಪ್ರದರ್ಶನಕ್ಕೆ ಇನ್ನು ಎರಡೂವರೆ ತಿಂಗಳಿದೆ, ಈಗ ತೆಗೆದರೆ ಸಾಕಷ್ಟು ಸಮಯವಿದೆ.

ಇದು ನಿಮ್ಮದೇ ಪಾಠ ಅಪ್ಪ. ಎರಡು ವರ್ಷಕ್ಕೊಮ್ಮೆ ತಗರು ಬದಲಾಯಿಸಿ ಎಂದು ಊರೂರಿಗೆ ಹೋಗಿ ಹೇಳುತ್ತಿದ್ದವರು ನೀವು. ಏಳರ ಮೇಲೆ ಅಡ್ಡ ಗೆರೆ ಎಳೆದು ಕಳಿಸಿ.

ರೂಪ


ಪೂರಿಗಾಲಿ
9 ಅಕ್ಟೋಬರ್ 2025

ರೂಪಳಿಗೆ,

ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ಶಬ್ರೀನ್ ಹೇಳಿದ್ದು ಸರಿ. ನನಗೆ ಆರನೇ ಹಾಳೆಯಲ್ಲೇ ಕಂಡಿತ್ತು. ಕಂಡರೂ ಕಾಣದವನ ಹಾಗೆ ಇದ್ದೆ.

ಆದರೆ ಅಡ್ಡ ಗೆರೆ ನನ್ನ ಕೈಯಲ್ಲಿ ಆಗುವುದಿಲ್ಲ. ಪೆನ್ನು ಎರಡು ಸಲ ತೆಗೆದು ಎರಡು ಸಲ ಮುಚ್ಚಿದೆ. ನೀನೇ ತೆಗೆದುಬಿಡು. ಯಾವಾಗ ತೆಗೆದೆ, ಹೇಗೆ ತೆಗೆದೆ ಎಂದು ನನಗೆ ಬರೆಯಬೇಡ. ಅದು ಇಲ್ಲದ ಹಾಳೆ ಬಂದರೆ ಸಾಕು.

ಹೊನ್ನಯ್ಯ


ಮದ್ದೂರು
15 ಅಕ್ಟೋಬರ್ 2025

ಅಪ್ಪ,

ಒಂಬತ್ತನೇ ಹಾಳೆ. ಆರಿಸಿ ಕಳಿಸಿ.

ರೂಪ


ಪೂರಿಗಾಲಿ
29 ಅಕ್ಟೋಬರ್ 2025

ರೂಪ,

ಇದೇನು ಕಳಿಸಿದ್ದೀಯೆ? ಒಂದಕ್ಕೂ ಕಾಲಿಲ್ಲ, ಬೆನ್ನಿಲ್ಲ. ಹಳದಿ ಒಂದು ಕಡೆ, ನೀಲಿ ಒಂದು ಕಡೆ, ಕುಡಿದವನು ನಡೆದ ಹಾಗೆ ಗೆರೆ. ಮೂರು ತಿಂಗಳು ಕೂತು ಕಟ್ಟಿದ್ದನ್ನು ಒಂದೇ ಸಲಕ್ಕೆ ನೆಲಸಮ ಮಾಡಿದ್ದೀಯೆ. ಒಂದು ಸಾಲು ಕಾಗದ ಬರೆಯಲೂ ನಿನಗೆ ಪುರುಸೊತ್ತಿಲ್ಲ.

ದೀಪಾವಳಿಗೆ ಬಂದವರೆಲ್ಲ ಗೋಡೆ ನೋಡಿ, ಇದರ ಮುಂದಿನದು ಎಲ್ಲಿ ಎಂದು ಕೇಳಿದರು. ಏನು ಹೇಳಲಿ? ನನ್ನ ಮಗಳು ತೆಗೆದುಹಾಕಿದಳು ಎಂದು ಹೇಳಿದೆ. ನಿನಗೆ ಒಳ್ಳೆಯದನ್ನು ಕಂಡರೆ ತೆಗೆಯುವುದೊಂದೇ ಗೊತ್ತು. ಅವತ್ತೂ ಹಾಗೇ ಮಾಡಿದೆ, ಇವತ್ತೂ ಹಾಗೇ ಮಾಡಿದೆ.

ಇನ್ನು ಹಾಳೆ ಕಳಿಸಬೇಡ.

ಹೊನ್ನಯ್ಯ


ಮದ್ದೂರು
2 ನವೆಂಬರ್ 2025

ಅಪ್ಪ,

ಇದರ ಜೊತೆ ನಿಮ್ಮ ಅಕ್ಟೋಬರ್ ಒಂಬತ್ತರ ಕಾಗದದ ಜೆರಾಕ್ಸ್ ಇಟ್ಟಿದ್ದೇನೆ. ‘ನೀನೇ ತೆಗೆದುಬಿಡು’ ಎಂಬಲ್ಲಿ ಕೆಳಗೆ ಗೆರೆ ಎಳೆದಿದ್ದೇನೆ. ‘ನನಗೆ ಬರೆಯಬೇಡ’ ಎಂಬಲ್ಲೂ ಎಳೆದಿದ್ದೇನೆ, ಪುರುಸೊತ್ತಿಲ್ಲದ ನಾನು. ಕೆಳಗಿರುವುದು ನಿಮ್ಮದೇ ಸಹಿ.

ನೀವು ಹೇಳಿದ್ದಕ್ಕೆ ನಾನು ತೆಗೆದೆ. ತೆಗೆಯಲು ನನಗೂ ಮನಸ್ಸಿರಲಿಲ್ಲ, ಅದು ನಿಮಗೆ ಬೇಕಿರಲಿಲ್ಲ. ಈಗ ದೀಪಾವಳಿಗೆ ಬಂದವರೆದುರು ಮತ್ತೆ ನನ್ನ ಹೆಸರು ಹೇಳಿದಿರಿ. ಅವತ್ತು ತಗರು ಕೊಟ್ಟದ್ದು ನನ್ನ ತಪ್ಪು, ಒಪ್ಪಿಕೊಂಡೆ, ಎರಡು ವರ್ಷ ಊರು ಬಿಟ್ಟಿದ್ದೆ. ಇದು ನನ್ನ ತಪ್ಪಲ್ಲ. ಇದನ್ನು ನಾನು ಹೊರುವುದಿಲ್ಲ.

ಅವತ್ತು ಎಲ್ಲ ಬಾಯಿಮಾತು. ಯಾರು ಏನು ಹೇಳಿದರು ಎಂದು ತೋರಿಸಲು ಏನೂ ಇರಲಿಲ್ಲ. ಇವತ್ತು ಕಾಗದ ಇದೆ. ಓದಿಕೊಳ್ಳಿ.

ರೂಪ


ಪೂರಿಗಾಲಿ
22 ನವೆಂಬರ್ 2025

ರೂಪ,

ಜೆರಾಕ್ಸ್ ಬಂದು ಎರಡು ವಾರವಾಯಿತು. ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ನೀನು ಗೆರೆ ಎಳೆದ ಎರಡು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದೇ ಎರಡು ಮಾತನ್ನು ನಾನು ಎರಡು ವರ್ಷದ ಹಿಂದೆ ಇನ್ನೊಬ್ಬರಿಗೆ ಹೇಳಿದ್ದೆ. ಅದನ್ನು ಈಗ ನಿನಗೆ ಬರೆಯುತ್ತೇನೆ.

ಆ ವರ್ಷ ಬೇಸಿಗೆಯಲ್ಲಿ ಹನ್ನೆರಡು ಮರಿ ಹುಟ್ಟಿದವು. ಏಳು ಸರಿಯಿರಲಿಲ್ಲ. ಕೆಲವಕ್ಕೆ ಕೆಳದವಡೆ ಮೋಟು, ಮೊಲೆ ಹಿಡಿಯಲಾಗುತ್ತಿರಲಿಲ್ಲ. ಒಂದಕ್ಕೆ ಕಣ್ಣೇ ಇರಲಿಲ್ಲ. ಅವು ಒಂದೊಂದಾಗಿ ಸತ್ತ ಹಾಗೆ ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಹುಲ್ಲಿನ ಮೆದೆ ಹಿಂದೆ ಹೂತೆ. ಯತೀಶನಿಗೂ ಹೇಳಲಿಲ್ಲ. ಐದು ವರ್ಷದಿಂದ ಅದೊಂದೇ ತಗರನ್ನು ಅದರ ಮಗಳಿಗೂ ಮೊಮ್ಮಗಳಿಗೂ ಬಿಡುತ್ತಿದ್ದೆ. ಬಹುಮಾನ ಬಂದಿತ್ತು, ನೋಡಲು ಜನ ಬರುತ್ತಿದ್ದರು, ಪೇಪರಿನಲ್ಲಿ ಫೋಟೋ ಬಂದಿತ್ತು. ಅದನ್ನು ತೆಗೆದರೆ ನಾನು ಏನೂ ಅಲ್ಲ ಅನ್ನಿಸಿತ್ತು. ಊರಿಗೆಲ್ಲ ಪಾಠ ಹೇಳಿದ ಕಾಂಪೌಂಡರ್ ತನ್ನ ದೊಡ್ಡಿಯಲ್ಲಿ ಮಾಡಿದ್ದು ಇದು.

ಗಫಾರ್ ಮರಿಗಳನ್ನು ನೋಡಿದ. ‘ಒನ್ನಯ್ಯಣ್ಣ, ನಾನ್ ಏಳ್ಕೊಡ್ಬೇಕಾ ನಿಮ್ಗೆ? ಸಾಕು, ಬುಟ್ಬುಡಿ ಅದ’ ಎಂದ. ಆಸ್ಪತ್ರೆಗೆ ಹೋಗುವ ಎರಡು ದಿನದ ಮುಂಚೆ ಅವನನ್ನು ಕರೆಸಿ ಹೇಳಿದೆ. ‘ನಾನ್ ಆಸ್ಪತ್ರೆ ಸೇರುದ್ ಮ್ಯಾಲೆ ಬಾ. ಮಗ್ಳು ಇರ್ತಳೆ. ಆ ಮುದಿ ತಗರ್ನೇ ಕೇಳು. ನನ್ ಕೈಲಿ ಅಗ್ಗ ಬಿಚ್ಚಿ ಕೊಡಾಕಾಗಕಿಲ್ಲ. ತಕ್ಕೊಂಡೋದ್ ಮ್ಯಾಲೆ ನಂಗೆ ಏಳ್ಬೇಡ.’ ಆರಿಸಿದವಳು ನಾನು ಎಂದು ನೀನು ಅಂದುಕೊಂಡೆ. ನೀನು ಆರಿಸಲಿಲ್ಲ. ಆರಿಸಿದ್ದು ನಾನು, ನಾನು ಕಳಿಸಿದವನು ನಿನ್ನ ಮುಂದೆ ಬಂದು ನಿಂತಿದ್ದ.

ಮನೆಗೆ ಬಂದ ಮಾರನೇ ದಿನ ಡೈರಿ ಮುಂದೆ ಪುಟ್ಟರಾಜು ‘ಬವುಮಾನದ್ ತಗರು ಕಾಣಕಿಲ್ವಲ್ಲ’ ಎಂದ. ಎಲ್ಲರೂ ತಿರುಗಿ ನೋಡಿದರು. ಮರಿ ಸತ್ತದ್ದು, ನಾನೇ ಕಳಿಸಿದ್ದು, ಹೇಳಬೇಕಿತ್ತು. ಬಾಯಿಂದ ನಿನ್ನ ಹೆಸರು ಬಂತು. ಒಂದು ಸಲ ಬಂದ ಮೇಲೆ ಅದನ್ನು ನಾನೂ ನಂಬಿಕೊಂಡೆ. ಬೆಳಿಗ್ಗೆ ಎದ್ದರೆ ನಿನ್ನ ಮೇಲೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ನಿನ್ನ ಫೋನು ಬಂದಾಗ ಕಟ್ ಮಾಡುತ್ತಿದ್ದೆ, ಅದನ್ನೂ ಸಿಟ್ಟು ಅಂದುಕೊಂಡೆ. ಗಫಾರ್ ಎರಡು ಸಲ ‘ಮಗಳಿಗೆ ಯೋಳುದ್ರಾ?’ ಎಂದು ಕೇಳಿದ. ಆಮೇಲೆ ನಮ್ಮ ಬೀದಿಗೆ ಬರುವುದನ್ನೇ ಬಿಟ್ಟ.

ತಪ್ಪು ನಿನ್ನದಲ್ಲ. ಯಾವತ್ತೂ ನಿನ್ನದಾಗಿರಲಿಲ್ಲ. ನಿಮ್ಮವ್ವನ ಎರಡು ತಿಥಿಗೆ ನೀನು ಬರದ ಹಾಗೆ ಮಾಡಿದವನು ನಾನು.

ಒಂಬತ್ತನೇ ಹಾಳೆ ವಾಪಸ್ ಕಳಿಸುತ್ತಿದ್ದೇನೆ. ಎರಡು, ಒಂಬತ್ತು, ಹದಿನಾಲ್ಕು. ಹದಿನಾಲ್ಕರ ಹಳದಿಯಲ್ಲಿ ಏನೋ ಇದೆ.

ನಿನ್ನ ಅಪ್ಪ


ಮದ್ದೂರು
30 ನವೆಂಬರ್ 2025

ಅಪ್ಪ,

ನಿಮ್ಮ ಕಾಗದ ಓದಿ ಮಡಿಸಿಟ್ಟು ಪಾತ್ರೆ ತೊಳೆದೆ. ಆಮೇಲೆ ಮತ್ತೆ ಓದಿದೆ. ನಿಮ್ಮ ಅಳಿಯ ಏನಾಯಿತು ಎಂದಾಗ ಕಾಗದವನ್ನೇ ಕೊಟ್ಟೆ.

ಈ ಎರಡು ವರ್ಷದಲ್ಲಿ ಮಕ್ಕಳ ಚಿತ್ರಕ್ಕೆ ಅಂಕ ಹಾಕುವಾಗಲೆಲ್ಲ ‘ನಿನಗೆ ನೋಡಲು ಬರುವುದಿಲ್ಲ’ ಎಂದು ನಿಮ್ಮ ಧ್ವನಿ ಕೇಳುತ್ತಿತ್ತು. ಹಾಕಿದ ಅಂಕ ಹೊಡೆದು ಮತ್ತೆ ಹಾಕುತ್ತಿದ್ದೆ. ನನ್ನ ಕಣ್ಣನ್ನು ನಾನೇ ನಂಬುತ್ತಿರಲಿಲ್ಲ. ಅದು ನಿಮಗೆ ಗೊತ್ತಿರಲಿ.

ನೀವು ನನಗೆ ಬರೆದಿರಿ, ಸರಿ. ಆದರೆ ಅವತ್ತು ನೀವು ಮಾತಾಡಿದ್ದು ನನ್ನೊಬ್ಬಳ ಹತ್ತಿರವಲ್ಲ. ಡೈರಿ ಮುಂದೆ ಹೇಳಿದ್ದನ್ನು ಡೈರಿ ಮುಂದೆಯೇ ವಾಪಸ್ ತೆಗೆದುಕೊಳ್ಳಿ. ಯತೀಶನ ಕೈಲಿ ಹೇಳಿಸಬೇಡಿ, ಪುಟ್ಟರಾಜಣ್ಣನ ಕೈಲಿ ಹೇಳಿಸಬೇಡಿ. ಈ ಒಂದನ್ನು ನೀವೇ ಮಾಡಿ.

ಅಲ್ಲಿಯವರೆಗೆ ನನ್ನಿಂದ ಕಾಗದ ಬರುವುದಿಲ್ಲ.

ರೂಪ


ಪೂರಿಗಾಲಿ
6 ಡಿಸೆಂಬರ್ 2025

ರೂಪ,

ಇವತ್ತು ಸಂಜೆ ಹೇಳಿದೆ. ಮೂರು ದಿನ ಕ್ಯಾನು ಹಿಡಿದು ಹೋಗಿ ಹಾಲು ಹಾಕಿ ಸುಮ್ಮನೆ ವಾಪಸ್ ಬಂದಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಇವತ್ತು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ನಾನು ಕನ್ನಡಕ ಒರೆಸುತ್ತಾ ನಿಂತದ್ದು ನೋಡಿ ಪುಟ್ಟರಾಜು ‘ಕೊಡಣ್ಣ, ನಾನ್ ಓದ್ತೀನಿ’ ಎಂದು ಕೈ ಚಾಚಿದ. ‘ಬ್ಯಾಡ ಕಣ್ಲಾ, ಇದ ನಾನೇ ಓದ್ಬೇಕು’ ಎಂದೆ. ಹುಟ್ಟಿದ ಮರಿ ಎಷ್ಟು, ಕೆಟ್ಟದ್ದು ಎಷ್ಟು, ಎಲ್ಲಿ ಹೂತೆ, ಗಫಾರ್‌ಗೆ ಏನು ಹೇಳಿದೆ, ಎಲ್ಲ ಓದಿದೆ. ‘ನನ್ ಮಗ್ಳು ನಾನ್ ಯೋಳ್ದಂಗೆ ಬಂದೋನ್ಗೆ ಕೊಟ್ಳು. ಅವ್ಳ್ ತಪ್ಪಿಲ್ಲ. ನಾನ್ ಸುಳ್ಳೇಳ್ದೆ’ ಎಂದು ಮುಗಿಸಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಗಂಡಸರೆಲ್ಲ ನೆಲ ನೋಡಿಕೊಂಡು ನಿಂತರು. ಮೂಲೆಮನೆ ಶಿವನಂಜಮ್ಮ ಒಬ್ಬಳೇ ಕೇಳಿದಳು. ‘ಎಲ್ಡ್ ವರ್ಸ ಆ ಮಗೀನ್ ಮ್ಯಾಲೆ ಒರ್ಸಿದ್ರಲ್ಲಣ್ಣ, ನಿಮ್ಗೆ ಅನ್ನ ಎಂಗ್ ಸೇರ್ತು?’ ಸೇರುತ್ತಿತ್ತು, ಅದೇ ನಾಚಿಕೆ.

ನಾಳೆ ಮಳವಳ್ಳಿಗೆ ಹೋಗಿ ಗಫಾರ್‌ನನ್ನೂ ನೋಡಿ ಬರುತ್ತೇನೆ.

ನನಗೆ ನಿನ್ನನ್ನು ನೋಡಬೇಕು. ಬಾ ಎಂದು ಹೇಳುವ ಮುಖ ನನಗಿಲ್ಲ, ಆದರೂ ಹೇಳುತ್ತಿದ್ದೇನೆ. ಬಾರವ್ವ.

ನಿನ್ನ ಅಪ್ಪ


ಮದ್ದೂರು
9 ಡಿಸೆಂಬರ್ 2025

ಅಪ್ಪ,

ನೀವು ಓದಿದ ಸಂಜೆಯೇ ಯತೀಶ ಫೋನು ಮಾಡಿದ. ‘ಅಪ್ಪ ಓದುದ್ರು ಕಣಕ್ಕ’ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಪ್ರದರ್ಶನಕ್ಕೆ ಹದಿನಾಲ್ಕರ ಮರಿಯೊಂದನ್ನು ನಿನ್ನೆ ಮಂಡ್ಯಕ್ಕೆ ಕೊಟ್ಟು ಬಂದೆ. ಈ ಸಲ ಕೊನೆಯ ಎರಡು ಸುತ್ತು ನಾನೇ ಆರಿಸಿದೆ. ಮದುವೆ ಕಾಗದ ಆಗಲಿಲ್ಲ. ಕಲಾವಿದರ ಹೆಸರು ಎಂಬ ಜಾಗದಲ್ಲಿ ನನ್ನ ಹೆಸರೊಂದನ್ನೇ ಬರೆದೆ. ನಿಮ್ಮದನ್ನೂ ಬರೆಯಬೇಕಿತ್ತು, ಕೈ ಬರಲಿಲ್ಲ. ಅಷ್ಟು ಬೇಗ ಆಗುವುದಿಲ್ಲ.

ಸಿಟ್ಟು ಹೋಗಿಲ್ಲ ಅಪ್ಪ. ಅದು ಹೋಗಲಿ ಎಂದು ಕಾದರೆ ಅವ್ವನ ಇನ್ನೊಂದು ತಿಥಿಯೂ ಕಳೆದುಹೋಗುತ್ತದೆ. ಅದಕ್ಕೇ ಸಿಟ್ಟಿನಲ್ಲೇ ಬರುತ್ತಿದ್ದೇನೆ.

ಶನಿವಾರ ಬೆಳಗಿನ ಶಾಲೆ. ಮುಗಿಸಿಕೊಂಡು ಹೊರಟು, ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಸಂಜೆ ಹಾಲು ಹಾಕುವ ಹೊತ್ತಿಗೆ ಇಳಿಯುತ್ತೇನೆ. ಯತೀಶ ಬೈಕು ತರುತ್ತೇನೆ, ಹಿಂದಿನ ಓಣಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ. ಬೇಡ ಎಂದೆ. ನಾನು ಡೈರಿ ಮುಂದೆಯೇ ನಡೆದು ಬರುತ್ತೇನೆ. ನೀವು ಅಲ್ಲಿ ನಿಂತಿರಬೇಕು.

ರೂಪ